ಡಬ್ಬಿಯೊಳಗಿನ ಬಳ್ಳಾರಿ ಬೇಸಿಗೆ

ಬಳ್ಳಾರಿಯ ಕಂಟೋನ್ಮೆಂಟ್‌ನಲ್ಲಿ ಯುಪಿಎಸ್ ಎಲ್ಲಿರುತ್ತದೆ ಎಂದು ಹುಡುಕುವುದು ಕಷ್ಟವಲ್ಲ. ಅಂಗಡಿಯಲ್ಲಿ ಗಾಳಿಯೇ ಆಡದ ಮೂಲೆ ಯಾವುದೋ ಅಲ್ಲೇ ಅದರ ಠಿಕಾಣಿ. ಮೇಜಿನ ಕೆಳಗೆ, ಗೋಡೆಗೆ ಒತ್ತಿಕೊಂಡು, ಹಳೆಯ ರಸೀದಿ ಪುಸ್ತಕಗಳ ಕಟ್ಟು ತಲೆಯ ಮೇಲೆ ಹೊತ್ತು ಕೂತಿರುತ್ತದೆ. ವಿಮ್ಸ್ ಆಸ್ಪತ್ರೆಯ ಸುತ್ತಲಿನ ಲ್ಯಾಬು, ಔಷಧಿ ಅಂಗಡಿ, ಜೆರಾಕ್ಸ್ ಅಂಗಡಿ, ಸಣ್ಣ ಕ್ಲಿನಿಕ್ಕು ಎಲ್ಲೇ ನೋಡಿದರೂ ಅದೇ ಕಥೆ. ಮಳೆಗಾಲ, ಚಳಿಗಾಲದಲ್ಲಿ ಯಾರೂ ಅದನ್ನು ನೆನೆಯುವುದಿಲ್ಲ. ಮಾರ್ಚ್ ಕಳೆದು ಹಗಲಿನ ಉಷ್ಣಾಂಶ 40 ಡಿಗ್ರಿ ದಾಟತೊಡಗಿದ ಮೇಲೆ ದೂರುಗಳು ಶುರುವಾಗುತ್ತವೆ. ‘ಬ್ಯಾಕಪ್ಪೇ ಬರ್ತಿಲ್ಲ’, ‘ಮುಟ್ಟಿದ್ರೆ ಸುಡ್ತೈತಿ’, ‘ಬ್ಯಾಟ್ರಿ ಉಬ್ಬೇತಿ’. ಆಗ ಹತ್ತಿರದಲ್ಲಿದ್ದ ಯಾರಾದರೊಬ್ಬರು ಒಂದು ಉಪಾಯ ಹೇಳುತ್ತಾರೆ: ಹಳೆ ಕಂಪ್ಯೂಟರಿನ ಫ್ಯಾನು ಬಿಚ್ಚಿ ಇದಕ್ಕೆ ಕೂಡಿಸಿಬಿಡಿ.

ಉಪಾಯ ತಪ್ಪಲ್ಲ. ದೊಡ್ಡ ಯುಪಿಎಸ್‌ಗಳಲ್ಲಿ, ಬಹಳಷ್ಟು ಮನೆ ಇನ್ವರ್ಟರ್‌ಗಳಲ್ಲಿ ಕಾರ್ಖಾನೆಯವರೇ ಫ್ಯಾನು ಕೂರಿಸಿರುತ್ತಾರೆ. ಆದರೆ ಫ್ಯಾನಿಲ್ಲದೆ ತಯಾರಾದ ಪೆಟ್ಟಿಗೆಗೆ ಫ್ಯಾನು ಕೂಡಿಸುವುದೆಂದರೆ ನಾಲ್ಕು ಸ್ಕ್ರೂ, ಎರಡು ವೈರಿನ ಕೆಲಸ ಎಂದುಕೊಂಡಲ್ಲೇ ಅಪಾಯ ಕಾದಿರುತ್ತದೆ. ಒಂದು ಕಡೆ 230 ವೋಲ್ಟ್, ಇನ್ನೊಂದು ಕಡೆ ಶಾರ್ಟ್ ಆದರೆ ನೂರಾರು ಆಂಪಿಯರ್ ಸುರಿಸಬಲ್ಲ ಬ್ಯಾಟರಿ. ಎರಡೂ ಒಂದೇ ಡಬ್ಬಿಯಲ್ಲಿ. ಮಿಕ್ಸಿ, ಟೇಬಲ್ ಫ್ಯಾನು ರಿಪೇರಿಗೆ ಪ್ಲಗ್ ಕಿತ್ತರೆ ಸಾಕು, ಅಲ್ಲಿಗೆ ಕರೆಂಟು ಮುಗಿಯಿತು. ಯುಪಿಎಸ್ ಹುಟ್ಟಿರುವುದೇ ಪ್ಲಗ್ ಕಿತ್ತ ಮೇಲೂ ಕರೆಂಟು ಕೊಡುವುದಕ್ಕೆ.

ಶಾಖ ಎಲ್ಲಿಂದ ಬರುತ್ತದೆ ಎಂಬುದನ್ನು ಮೊದಲು ನೋಡಬೇಕು. ಅಂಗಡಿಗಳಲ್ಲಿ ಹೆಚ್ಚಾಗಿ ಕಾಣುವುದು 600 ವಿಎ ಯುಪಿಎಸ್. ಅದರೊಳಗೆ 12 ವೋಲ್ಟಿನ, 7 ಆಂಪಿಯರ್-ಗಂಟೆಯ ಒಂದು ಮುಚ್ಚಿದ ಸೀಸ-ಆಮ್ಲ ಬ್ಯಾಟರಿ ಇರುತ್ತದೆ. ಕರೆಂಟು ಹೋದ ಕೂಡಲೇ ಮಾಸ್ಫೆಟ್ ಎಂಬ ಸ್ವಿಚ್ಚುಗಳು ಬ್ಯಾಟರಿಯ ನೇರ ವಿದ್ಯುತ್ತನ್ನು ಸೆಕೆಂಡಿಗೆ 50 ಆವರ್ತನಗಳಂತೆ ಅತ್ತಿಂದಿತ್ತ ತಿರುಗಿಸುತ್ತವೆ. ಟ್ರಾನ್ಸ್‌ಫಾರ್ಮರ್ ಅದನ್ನು 230 ವೋಲ್ಟಿಗೆ ಏರಿಸುತ್ತದೆ. ಈ ಎರಡೂ ಹಂತದಲ್ಲಿ ಸೋರಿಕೆಯಿದೆ. ಒಂದು ಕಂಪ್ಯೂಟರು, ಮಾನಿಟರು, ಬಿಲ್ ಪ್ರಿಂಟರು ಸೇರಿ 200 ವ್ಯಾಟ್ ಎಳೆಯುತ್ತಿವೆ, ಯುಪಿಎಸ್‌ನ ದಕ್ಷತೆ ಶೇ 80 ಎಂದಿಟ್ಟುಕೊಳ್ಳಿ. ಬ್ಯಾಟರಿ ಕೊಡಬೇಕಾದದ್ದು 250 ವ್ಯಾಟ್. ನಡುವಿನ 50 ವ್ಯಾಟ್ ಪೂರ್ತಿ ಶಾಖವಾಗಿ ಆ ಪುಟ್ಟ ಡಬ್ಬಿಯೊಳಗೇ ಉಳಿಯುತ್ತದೆ. 12 ವೋಲ್ಟಿನಲ್ಲಿ 250 ವ್ಯಾಟ್ ಎಂದರೆ 21 ಆಂಪಿಯರ್ ಹತ್ತಿರ. ಅಷ್ಟು ಕರೆಂಟು ಹರಿಯುವಾಗ ಬ್ಯಾಟರಿಯ ಟರ್ಮಿನಲ್ ಸ್ವಲ್ಪ ಸಡಿಲವಿದ್ದರೂ ಆ ಜಾಗವೇ ಕಾದು ಪ್ಲಾಸ್ಟಿಕ್ ಕರಗುತ್ತದೆ.

ಕಂಪನಿಯವರಿಗೆ ಇದೆಲ್ಲ ಗೊತ್ತಿಲ್ಲದ್ದೇನಲ್ಲ. ಅವರ ಲೆಕ್ಕ ಬೇರೆ. 7 ಆಂಪಿಯರ್-ಗಂಟೆಯ ಬ್ಯಾಟರಿ ಅಂಥ ಲೋಡಿಗೆ ಹತ್ತು ಹದಿನೈದು ನಿಮಿಷಕ್ಕೆ ಖಾಲಿ. ಅಷ್ಟರಲ್ಲಿ ಟ್ರಾನ್ಸ್‌ಫಾರ್ಮರಿನ ಕಬ್ಬಿಣ, ತಾಮ್ರ ಪೂರ್ತಿ ಕಾಯುವುದಿಲ್ಲ. ಆದ್ದರಿಂದ ಸಣ್ಣ ಟ್ರಾನ್ಸ್‌ಫಾರ್ಮರು, ಸಣ್ಣ ಹೀಟ್‌ಸಿಂಕು ಸಾಕು, ಫ್ಯಾನು ಬೇಡ, ಬೆಲೆಯೂ ಕಡಿಮೆ. ಫೈಲ್ ಸೇವ್ ಮಾಡಿ ಕಂಪ್ಯೂಟರ್ ಆರಿಸುವುದಕ್ಕೆಂದು ಮಾಡಿದ ಯಂತ್ರವದು. ಅದರ ಬ್ಯಾಟರಿಯೇ ಅದರ ಗಡಿಯಾರ, ಶಾಖ ಮಿತಿಮೀರುವ ಮುನ್ನ ಆಟ ನಿಲ್ಲಿಸುವ ರಕ್ಷಕ.

ತೊಂದರೆ ಬರುವುದು ಆ ಗಡಿಯಾರವನ್ನು ಕಿತ್ತಾಗ. ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ಗಂಟೆಗಟ್ಟಲೆ ಕರೆಂಟಿಲ್ಲದ ದಿನಗಳು ಹೊಸತಲ್ಲ. 2023ರ ಬರದಲ್ಲಿ, ಅಕ್ಟೋಬರ್ ಹೊತ್ತಿಗೆ ವಿದ್ಯುತ್ ಅಭಾವ ಬಿಗಡಾಯಿಸಿ, ರೈತರ ಪಂಪ್‌ಸೆಟ್‌ಗಳಿಗೆ ಏಳು ಗಂಟೆಯ ಬದಲು ಐದು ಗಂಟೆ ಮೂರು ಫೇಸ್ ಕೊಡುವುದಾಗಿ ಸರ್ಕಾರವೇ ಹೇಳಬೇಕಾಯಿತು. ಪಕ್ಕದ ಕುಡಿತಿನಿಯಲ್ಲಿ 1700 ಮೆಗಾವ್ಯಾಟ್‌ನ ಶಾಖೋತ್ಪನ್ನ ಸ್ಥಾವರ ಹೊಗೆಯಾಡುತ್ತಿದ್ದರೂ ಈ ಭಾಗಕ್ಕೆ ವಿದ್ಯುತ್ ಪೂರೈಸುವ ಜೆಸ್ಕಾಂನ ಫೀಡರಿನ ತುದಿಯ ಊರಿಗೆ ಅದೇನೂ ಖಾತರಿಯಲ್ಲ. ಹಾಗಾಗಿ ಸಣ್ಣ ಯುಪಿಎಸ್‌ನ ಪುಟ್ಟ ಬ್ಯಾಟರಿ ತೆಗೆದು ಅದೇ ವೈರಿಗೆ ಕಾರಿನದೋ ಟ್ರ್ಯಾಕ್ಟರಿನದೋ ಬ್ಯಾಟರಿ ಕಟ್ಟುವ ಚಾಲಾಕಿ ಎಲ್ಲ ಊರಲ್ಲೂ ಇದೆ. ವೋಲ್ಟೇಜ್ ಒಂದೇ ಆದ್ದರಿಂದ ಅದು ಓಡುತ್ತದೆ ಕೂಡ. ಹತ್ತು ನಿಮಿಷದ ಬ್ಯಾಕಪ್ ಎರಡು ಗಂಟೆಯಾಗುತ್ತದೆ. ಆ ಎರಡು ಗಂಟೆಯೂ ಟ್ರಾನ್ಸ್‌ಫಾರ್ಮರ್ ಕಾಯುತ್ತಲೇ ಇರುತ್ತದೆ. ಸುರುಳಿಯ ಮೇಲಿನ ವಾರ್ನಿಷ್ ಸೀದ ವಾಸನೆ ಬಂದಾಗ ಫ್ಯಾನಿನ ನೆನಪಾಗುತ್ತದೆ.

ಆ ಹೊತ್ತಿಗೆ ಫ್ಯಾನು ಸಮಸ್ಯೆಯ ಅರ್ಧವನ್ನಷ್ಟೇ ಮುಟ್ಟುತ್ತದೆ. ಟ್ರಾನ್ಸ್‌ಫಾರ್ಮರಿನ ಮೈಮೇಲಿನ ಶಾಖವನ್ನು ಗಾಳಿ ಹೊತ್ತೊಯ್ಯಬಹುದು, ಆದರೆ ಸುರುಳಿಯ ಒಳಪದರಗಳ ಶಾಖ ಹೊರಮೈಗೆ ಬರುವುದೇ ನಿಧಾನ. ಮೈ ಬೆಚ್ಚಗಿದ್ದಾಗಲೂ ಒಳಗು ಕುದಿಯುತ್ತಿರಬಹುದು. ಚಾರ್ಜಿಂಗ್ ಕಥೆ ಇನ್ನೊಂದು. ಸಣ್ಣ ಯುಪಿಎಸ್‌ನ ಚಾರ್ಜರು ಸುಮಾರು ಒಂದು ಆಂಪಿಯರ್ ಕೊಡುತ್ತದೆ ಎಂದರೆ ಉದಾರ ಲೆಕ್ಕವೇ. 65 ಆಂಪಿಯರ್-ಗಂಟೆಯ ಬ್ಯಾಟರಿ ಖಾಲಿಯಾದರೆ ಅದು ತುಂಬಲು ಮೂರು ದಿನ ಬೇಕು. ಅಷ್ಟರೊಳಗೆ ಮತ್ತೆ ಕರೆಂಟು ಹೋಗುತ್ತದೆ. ಅರೆಹೊಟ್ಟೆಯಲ್ಲೇ ಉಳಿದ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಬ್ಯಾಟರಿ ಸಾಯುತ್ತದೆ. ಮೂರು ಗಂಟೆ ಬ್ಯಾಕಪ್ ಬೇಕಿದ್ದವರಿಗೆ ಬೇಕಾದದ್ದು ಟ್ಯೂಬುಲರ್ ಬ್ಯಾಟರಿಯ ಇನ್ವರ್ಟರ್. ಹದಿನೈದು ನಿಮಿಷದ ಡಬ್ಬಿಗೆ ಫ್ಯಾನು ಹಚ್ಚಿದರೆ ಅದು ಮೂರು ಗಂಟೆಯ ಯಂತ್ರವಾಗುವುದಿಲ್ಲ. ಈ ಒಂದು ಮಾತು ಮನಸ್ಸಿಗೆ ಇಳಿದರೆ ಅರ್ಧ ಅನಾಹುತಗಳು ತಪ್ಪುತ್ತವೆ.

ಹಾಗಾದರೆ ಫ್ಯಾನು ನಿಜವಾಗಿ ಎಷ್ಟು ಕೆಲಸ ಮಾಡುತ್ತದೆ? ಇಲ್ಲಿ ಲೆಕ್ಕ ಸುಲಭವಿದೆ, ಸಮಾಧಾನವೂ ಇದೆ. ಕಂಪ್ಯೂಟರಿನಲ್ಲಿರುವಂಥ 80 ಮಿಲಿಮೀಟರಿನ ಫ್ಯಾನು ಬಯಲಲ್ಲಿ ನಿಮಿಷಕ್ಕೆ ಸುಮಾರು 30 ಘನ ಅಡಿ ಗಾಳಿ ದೂಡುತ್ತದೆ. ಜಾಲರಿ, ಬೋರ್ಡು, ವೈರುಗಳ ಸಂದಿಯಲ್ಲಿ ಅದು ಅರ್ಧಕ್ಕಿಳಿಯಿತು ಎನ್ನೋಣ, ಅಂದರೆ ಸೆಕೆಂಡಿಗೆ 7 ಲೀಟರ್. ಅಷ್ಟು ಗಾಳಿ 50 ವ್ಯಾಟ್ ಶಾಖವನ್ನು ಹೊತ್ತು ಹೊರಬರುವಾಗ ಒಳಹೋದದ್ದಕ್ಕಿಂತ ಬರೀ 6 ಡಿಗ್ರಿ ಹೆಚ್ಚು ಬಿಸಿಯಿರುತ್ತದೆ. ಎರಡು ವ್ಯಾಟಿನ ಫ್ಯಾನಿಗೆ ಇದು ದೊಡ್ಡ ಸಾಧನೆ. ಕಿಟಕಿಯಷ್ಟು ದೊಡ್ಡ ಫ್ಯಾನು ತಂದು ಕೂರಿಸುವ ಅಗತ್ಯವೇ ಇಲ್ಲ.

ಆದರೆ ಆ 6 ಡಿಗ್ರಿ ಸೇರುವುದು ಕೋಣೆಯ ಉಷ್ಣಾಂಶದ ಮೇಲೆ. ಕೋಣೆ 42 ಇದ್ದರೆ ಡಬ್ಬಿಯಿಂದ ಬರುವ ಗಾಳಿ 48. ಫ್ಯಾನು ಯಾವತ್ತೂ ಕೋಣೆಗಿಂತ ತಣ್ಣಗೆ ಮಾಡಲಾರದು. ಮನುಷ್ಯರಿಗೆ ಫ್ಯಾನಿನ ಕೆಳಗೆ ಹಾಯೆನಿಸುವುದು ಬೆವರು ಆರುವುದರಿಂದ, ಟ್ರಾನ್ಸ್‌ಫಾರ್ಮರಿಗೆ ಬೆವರಿಲ್ಲ.

ಬೆವರಿನ ಈ ಗುಟ್ಟನ್ನು ಕಂಟೋನ್ಮೆಂಟ್ ಬಹಳ ಹಿಂದೆಯೇ ಬಲ್ಲದು. 1800ರಲ್ಲಿ ನಿಜಾಮರು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಬಳ್ಳಾರಿ ಮದ್ರಾಸ್ ಪ್ರಾಂತದ ದೊಡ್ಡ ಸೇನಾ ಠಾಣ್ಯಗಳಲ್ಲಿ ಒಂದಾಯಿತು. ಬಂಡೆಗುಡ್ಡಗಳ ನಡುವಿನ ಈ ಬಿಸಿಲೂರು ಆ ಸೈನಿಕರಿಗೆ ಹಿಂಸೆಯೇ. ಭಾರತದ ಬ್ರಿಟಿಷ್ ಠಾಣ್ಯಗಳಲ್ಲಿ ಆಗಿದ್ದ ಉಪಾಯಗಳು ಎರಡು: ಹೊರಗೆ ಕೂತ ಕೂಲಿಯಾಳು ಹಗ್ಗದಿಂದ ಎಳೆಯುವ ಬಟ್ಟೆಯ ಪಂಖ, ಮತ್ತು ನೀರು ಚಿಮುಕಿಸಿದ ಲಾವಂಚದ ಚಾಪೆಯ ಮೂಲಕ ಗಾಳಿ ಒಳತಳ್ಳುವ ಕೈಯಂತ್ರ. ಎರಡನೆಯದರ ಮೊಮ್ಮಗನೇ ಇವತ್ತು ಬಳ್ಳಾರಿಯ ಮನೆಮನೆಯ ಕಿಟಕಿಯಲ್ಲಿ ಗುಡುಗುವ ಕೂಲರ್. ಒಣಹವೆಯ ಊರಿಗೆ ಅದಕ್ಕಿಂತ ಅಗ್ಗದ, ಒಳ್ಳೆಯ ಸಾಧನ ಇನ್ನೊಂದಿಲ್ಲ. ಹಾಗೆಂದು ಕೂಲರಿನ ಬಾಯನ್ನು ಯುಪಿಎಸ್ ಕಡೆಗೆ ತಿರುಗಿಸುವವರಿದ್ದಾರೆ. ಅದನ್ನು ಮಾತ್ರ ಮಾಡಬಾರದು. ತೇವದ ಗಾಳಿ ಬೋರ್ಡಿನ ಮೇಲೆ ಕೂತ ಧೂಳನ್ನು ಒದ್ದೆ ಮಾಡುತ್ತದೆ. ಒದ್ದೆ ಧೂಳು ವಿದ್ಯುತ್ತಿಗೆ ದಾರಿ ಬಿಡುತ್ತದೆ. ನೀರಿನ ಹನಿ ಸಿಡಿದರಂತೂ ಮಾತೇ ಬೇಡ.

ಶಾಖದ ಹೊಡೆತವನ್ನು ಎಲ್ಲರಿಗಿಂತ ಮೊದಲು ತಿನ್ನುವುದು ಬ್ಯಾಟರಿ. ಮುಚ್ಚಿದ ಸೀಸ-ಆಮ್ಲ ಬ್ಯಾಟರಿಯ ಆಯುಷ್ಯವನ್ನು ಕಂಪನಿಗಳು 20 ಅಥವಾ 25 ಡಿಗ್ರಿಗೆ ಲೆಕ್ಕ ಹಾಕಿ ಹೇಳುತ್ತವೆ. ಅದರ ಮೇಲೆ ಪ್ರತಿ 8ರಿಂದ 10 ಡಿಗ್ರಿಗೆ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬುದು ಬ್ಯಾಟರಿ ಲೋಕದ ಹಳೆಯ ಅನುಭವಸೂತ್ರ. 25ರಲ್ಲಿ ನಾಲ್ಕು ವರ್ಷ ಬಾಳುವುದು 35ರಲ್ಲಿ ಎರಡು, 45ರಲ್ಲಿ ಒಂದೇ ವರ್ಷ. ಬಳ್ಳಾರಿಯ ಅಂಗಡಿಯಲ್ಲಿ ಬೇಸಿಗೆ ದಾಟದೆ ಬ್ಯಾಟರಿ ಸತ್ತರೆ ಮಾರಿದವನನ್ನು ಬೈಯುವ ಮೊದಲು ಮೇಜಿನ ಕೆಳಗೊಂದು ಥರ್ಮಾಮೀಟರ್ ಇಟ್ಟು ನೋಡುವುದು ಒಳಿತು. ಬೋರ್ಡಿನ ಮೇಲಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳದ್ದೂ ಹೆಚ್ಚುಕಡಿಮೆ ಇದೇ ಹಣೆಬರಹ: 10 ಡಿಗ್ರಿ ಏರಿದರೆ ಬಾಳಿಕೆ ಅರ್ಧ.

ಸೂಕ್ಷ್ಮವಾದ ಸಂಗತಿ ಇನ್ನೊಂದಿದೆ. ಬಿಸಿ ಬ್ಯಾಟರಿಗೆ ಕಡಿಮೆ ವೋಲ್ಟೇಜಿನಲ್ಲಿ ಚಾರ್ಜ್ ಮಾಡಬೇಕು. ಪ್ರತಿ ಡಿಗ್ರಿಗೆ ಪ್ರತಿ ಕೋಶಕ್ಕೆ ಸುಮಾರು 3 ಮಿಲಿವೋಲ್ಟ್ ಇಳಿಸಬೇಕೆಂಬುದು ರೂಢಿಯ ಲೆಕ್ಕ. 12 ವೋಲ್ಟಿನ ಬ್ಯಾಟರಿಯಲ್ಲಿ ಆರು ಕೋಶ; 25ರಿಂದ 45 ಡಿಗ್ರಿಗೆ ಹೋದಾಗ ಇಳಿಯಬೇಕಾದದ್ದು 0.36 ವೋಲ್ಟ್. ಒಳ್ಳೆಯ ಇನ್ವರ್ಟರ್‌ಗಳು ಇದನ್ನು ತಾವೇ ಮಾಡುತ್ತವೆ. ಅಗ್ಗದ ಡಬ್ಬಿಗಳು ಮಾಡುವುದಿಲ್ಲ. ಬಿಸಿಯಾದ ಬ್ಯಾಟರಿ ಹೆಚ್ಚು ಕರೆಂಟು ಎಳೆಯುತ್ತದೆ, ಎಳೆದಷ್ಟೂ ಇನ್ನಷ್ಟು ಬಿಸಿಯಾಗುತ್ತದೆ. ಈ ಚಕ್ರ ಕೈಮೀರಿದಾಗಲೇ ಬ್ಯಾಟರಿಯ ಹೊಟ್ಟೆ ಉಬ್ಬುವುದು. ಉಬ್ಬಿದ ಬ್ಯಾಟರಿಗೆ ಫ್ಯಾನು ಮದ್ದಲ್ಲ. ಅದನ್ನು ಅಂದೇ ತೆಗೆಯಬೇಕು.

ಕಂಟೋನ್ಮೆಂಟ್‌ನವರಿಗೆ ಬ್ಯಾಕಪ್ ವಿದ್ಯುತ್ತಿನ ಮಹತ್ವವನ್ನು ಬಿಡಿಸಿ ಹೇಳಬೇಕಿಲ್ಲ. 2022ರ ಸೆಪ್ಟೆಂಬರ್ 14ರಂದು ವಿಮ್ಸ್‌ನಲ್ಲಿ ವಿದ್ಯುತ್ ವ್ಯತ್ಯಯವಾಯಿತು; ಅದೇ ದಿನ ತೀವ್ರ ನಿಗಾ ಘಟಕದಲ್ಲಿದ್ದ ಕೆಲವು ರೋಗಿಗಳು ಮೃತಪಟ್ಟರು. ವೆಂಟಿಲೇಟರ್ ನಿಂತದ್ದೇ ಕಾರಣವೆಂದು ಬಂಧುಗಳು ಆರೋಪಿಸಿದರು, ರೋಗಿಗಳ ಸ್ಥಿತಿ ಮೊದಲೇ ಗಂಭೀರವಾಗಿತ್ತೆಂದು ಆಸ್ಪತ್ರೆಯ ಆಡಳಿತ ಹೇಳಿತು. ವಿಷಯ ವಿಧಾನಸಭೆಯಲ್ಲಿ ಚರ್ಚೆಯಾಯಿತು, ಸರ್ಕಾರ ತನಿಖೆಗೆ ಸಮಿತಿ ನೇಮಿಸಿತು. ಆ ದುಃಖದ ಕಾರಣಗಳನ್ನು ಇಲ್ಲಿ ತೂಗುವುದು ಸಲ್ಲದು. ಆದರೆ ಆ ವಾರ ಊರಿನ ಪ್ರತಿ ಕ್ಲಿನಿಕ್ಕು, ಲ್ಯಾಬು ತನ್ನ ಬ್ಯಾಟರಿಯ ಕಡೆ ತಿರುಗಿ ನೋಡುವಂತಾದದ್ದು ಸಹಜ. ರೋಗಿಯ ಉಸಿರಿಗೆ, ಲಸಿಕೆ ಇಟ್ಟ ಫ್ರಿಜ್ಜಿಗೆ, ಮನೆಯಲ್ಲಿ ಆಕ್ಸಿಜನ್ ಕಾನ್ಸಂಟ್ರೇಟರಿಗೆ ಜೋಡಿಸಿದ ಯುಪಿಎಸ್ ಮೇಲೆ ಯಾವ ಕೈಚಳಕವನ್ನೂ ಪ್ರಯೋಗಿಸಬಾರದು. ಅಲ್ಲಿ ಫ್ಯಾನು ಕೂಡಿಸುವ ಮಾತೇ ಬೇಡ. ಸರಿಯಾದ ಸಾಮರ್ಥ್ಯದ ಯಂತ್ರ, ಕಂಪನಿಯ ಎಂಜಿನಿಯರ್, ಲಿಖಿತ ನಿರ್ವಹಣಾ ಒಪ್ಪಂದ, ಇಷ್ಟೇ.

ಕಾರ್ಖಾನೆಯಿಂದ ಬಂದ ಯಂತ್ರಗಳೂ ಶಾಖಕ್ಕೆ ಸೋತದ್ದುಂಟು. ಅಮೆರಿಕದ ಎಪಿಸಿ ಕಂಪನಿ 2003ರಲ್ಲಿ ತನ್ನ ಎರಡು ಸಣ್ಣ ಮಾದರಿಗಳ ಲಕ್ಷಾಂತರ ಯುಪಿಎಸ್‌ಗಳನ್ನು ವಾಪಸು ಕರೆಸಿಕೊಂಡಿತು. ಒಳಗಿನ ಭಾಗಗಳು ಅತಿಯಾಗಿ ಕಾದು ಹೊರಕವಚ ಕರಗುವ ಅಪಾಯವಿತ್ತು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬೋರ್ಗ್‌ನಲ್ಲಿ ಒವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟಾಗ ಅಗ್ನಿಶಾಮಕದವರ ಉಷ್ಣ ಕ್ಯಾಮೆರಾದಲ್ಲಿ ಎರಡು ಯುಪಿಎಸ್‌ಗಳು ಉರಿಯುತ್ತಿರುವುದು ಕಂಡಿತು. ಅವುಗಳಲ್ಲಿ ಒಂದನ್ನು ಹಿಂದಿನ ದಿನವಷ್ಟೇ ಬಿಚ್ಚಿ ದುರಸ್ತಿ ಮಾಡಿ ಮತ್ತೆ ಓಡಿಸಲಾಗಿತ್ತು ಎಂದು ಕಂಪನಿಯ ಸ್ಥಾಪಕರೇ ತಿಳಿಸಿದರು. ತರಬೇತಿ ಪಡೆದವರ ಕೈಯಲ್ಲೂ ಬಿಚ್ಚಿ ಜೋಡಿಸಿದ ಮೇಲಿನ ಮೊದಲ ದಿನ ಎಚ್ಚರದ ದಿನ. ಭಾರತದಲ್ಲಿ 10 ಕೆವಿಎವರೆಗಿನ ಯುಪಿಎಸ್, ಇನ್ವರ್ಟರ್‌ಗಳಿಗೆ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ನೋಂದಣಿ ಕಡ್ಡಾಯ. ಐಎಸ್ 16242 ಮಾನಕದಂತೆ ಪರೀಕ್ಷೆಯಾಗಿಯೇ ಅವು ಮಾರುಕಟ್ಟೆಗೆ ಬರಬೇಕು. ಕವಚಕ್ಕೊಂದು ತೂತು ಕೊರೆದ ಗಳಿಗೆಯಿಂದ ಆ ಪರೀಕ್ಷೆ ಆ ಡಬ್ಬಿಗೆ ಅನ್ವಯಿಸುವುದಿಲ್ಲ, ವಾರಂಟಿಯೂ ಮುಗಿಯುತ್ತದೆ.

ಆದ್ದರಿಂದ ಸರಿಯಾದ ಕ್ರಮ ಹೊರಗಿನಿಂದ ಒಳಗೆ ಹೋಗಬೇಕು, ಒಳಗಿನಿಂದ ಹೊರಗೆ ಬರಬಾರದು. ಮೊದಲು ಜಾಗ. ಯುಪಿಎಸ್ಸನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆದು, ಮೇಲಿನ ಕಾಗದ ತೆಗೆದು, ಬಿಸಿಲು ಬೀಳುವ ಗೋಡೆಯಿಂದ ದೂರವಿಟ್ಟು, ಕಪಾಟಿನ ಬಾಗಿಲು ತೆಗೆದಿಟ್ಟರೆ ಖರ್ಚಿಲ್ಲದೆ ಹಲವು ಡಿಗ್ರಿ ಇಳಿಯುತ್ತದೆ. ನಂತರ ಲೋಡು. ತಾಮ್ರದಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ: ಲೋಡು ಅರ್ಧವಾದರೆ ಆ ಶಾಖ ಕಾಲು ಭಾಗವಾಗುತ್ತದೆ. ಲೇಸರ್ ಪ್ರಿಂಟರನ್ನು ಯುಪಿಎಸ್‌ನಿಂದ ಕಿತ್ತು ನೇರ ಗೋಡೆಯ ಸಾಕೆಟ್ಟಿಗೆ ಹಾಕುವುದು ಯಾವ ಫ್ಯಾನಿಗಿಂತಲೂ ದೊಡ್ಡ ಉಪಕಾರ. ಅದರ ಒಳಗಿನ ಹೀಟರ್ ಕಾಯುವಾಗ ಎಳೆಯುವ ಕರೆಂಟನ್ನು ಸಣ್ಣ ಯುಪಿಎಸ್ ತಾಳಲಾರದು.

ಇಷ್ಟಾದರೂ ಡಬ್ಬಿ ಸುಡುತ್ತಿದ್ದರೆ ಫ್ಯಾನು ಬರಲಿ, ಆದರೆ ಡಬ್ಬಿಯ ಹೊರಗೆ. ಕವಚದಲ್ಲಿ ಈಗಾಗಲೇ ಇರುವ ಗಾಳಿಕಿಂಡಿಯ ಮೇಲೆ 80 ಅಥವಾ 120 ಮಿಲಿಮೀಟರಿನ, 12 ವೋಲ್ಟಿನ ಬ್ರಷ್‌ಲೆಸ್ ಫ್ಯಾನನ್ನು ರಬ್ಬರ್ ಅಥವಾ ಫೋಮ್ ಪಟ್ಟಿಯಿಟ್ಟು ಕೂರಿಸಬಹುದು. ಒಳಗಿನ ಬಿಸಿಗಾಳಿಯನ್ನು ಹೊರಗೆಳೆಯುವಂತೆ ಅದರ ಮುಖವಿರಬೇಕು. ಫ್ಯಾನಿನ ಪಕ್ಕೆಯ ಮೇಲಿನ ಬಾಣದ ಗುರುತು ಗಾಳಿಯ ದಿಕ್ಕು ಹೇಳುತ್ತದೆ. ಎದುರು ಬದಿಯ ಕಿಂಡಿ ತೆರೆದಿರಬೇಕು. ಆಗ ಗಾಳಿ ಆ ಕಡೆಯಿಂದ ಹೊಕ್ಕು, ಟ್ರಾನ್ಸ್‌ಫಾರ್ಮರನ್ನೂ ಹೀಟ್‌ಸಿಂಕನ್ನೂ ಸವರಿ ಈ ಕಡೆ ಬರುತ್ತದೆ. ಫ್ಯಾನಿನ ಪಕ್ಕದಲ್ಲೇ ಇನ್ನೊಂದು ಕಿಂಡಿಯಿದ್ದರೆ ಗಾಳಿ ಅಡ್ಡದಾರಿ ಹಿಡಿದು ಅಲ್ಲಲ್ಲೇ ಸುತ್ತುತ್ತದೆ, ಒಳಗಿನ ಶಾಖ ಹಾಗೇ ಉಳಿಯುತ್ತದೆ. ಅಂಥ ಕಿಂಡಿಯನ್ನು ಟೇಪಿನಿಂದ ಮುಚ್ಚಬೇಕು. ಗಾಳಿ ಎತ್ತ ಹರಿಯುತ್ತಿದೆ ಎಂದು ನೋಡಲು ಊದುಬತ್ತಿ ಹಚ್ಚುವ ಅಭ್ಯಾಸ ಕೆಲವರಿಗಿದೆ. ಬ್ಯಾಟರಿಯ ಬಳಿ ಕಿಡಿ ಬೇಡವೇ ಬೇಡ. ಜೀನ್ಸ್ ಹೊಲಿಯುವ ಊರಿನಲ್ಲಿ ನೂಲಿನ ಎಳೆಗೇನು ಬರ? ಒಂದು ಎಳೆಯನ್ನು ಕಿಂಡಿಯ ಮುಂದೆ ಹಿಡಿದರೆ ಗೊತ್ತಾಗುತ್ತದೆ.

ಫ್ಯಾನಿಗೆ ಕರೆಂಟು ಎಲ್ಲಿಂದ? ಹೆಚ್ಚಿನವರು ಎಡವುವುದು ಈ ಪ್ರಶ್ನೆಯಲ್ಲಿ. ಕೈಗೆ ಹತ್ತಿರ ಕಾಣುವುದು ಯುಪಿಎಸ್‌ನ ಬ್ಯಾಟರಿ: ಅದೂ 12 ವೋಲ್ಟ್, ಫ್ಯಾನೂ 12 ವೋಲ್ಟ್. ಅದಕ್ಕಿಂತ ಸುರಕ್ಷಿತ ದಾರಿ ಯುಪಿಎಸ್‌ನ ಔಟ್‌ಪುಟ್ ಸಾಕೆಟ್ಟೇ. ಬಿಐಎಸ್ ನೋಂದಣಿ ಸಂಖ್ಯೆಯಿರುವ 12 ವೋಲ್ಟ್, ಒಂದು ಆಂಪಿಯರಿನ ಸಾದಾ ಅಡಾಪ್ಟರನ್ನು ಅಲ್ಲಿಗೆ ಚುಚ್ಚಿ, ಅದರಿಂದ ಫ್ಯಾನು ಓಡಿಸುವುದು. ಕರೆಂಟಿದ್ದಾಗಲೂ ತಿರುಗುತ್ತದೆ, ಬ್ಯಾಟರಿಯಲ್ಲಿದ್ದಾಗಲೂ ತಿರುಗುತ್ತದೆ, ಯುಪಿಎಸ್ ಆರಿಸಿದರೆ ನಿಲ್ಲುತ್ತದೆ. ಮುಖ್ಯವಾಗಿ, ಡಬ್ಬಿಯ ಒಂದು ಸ್ಕ್ರೂ ಕೂಡ ಬಿಚ್ಚಬೇಕಾಗಿಲ್ಲ, 230 ವೋಲ್ಟಿನಿಂದ ಫ್ಯಾನನ್ನು ಬೇರ್ಪಡಿಸುವ ಕೆಲಸ ಅಡಾಪ್ಟರಿನದ್ದು. ಇದರ ಬದಲು 230 ವೋಲ್ಟಿನ ಎಸಿ ಫ್ಯಾನು ಹಾಕಿದರೆ ಅಗ್ಗದ ಯುಪಿಎಸ್‌ನ ಮೆಟ್ಟಿಲು ಮೆಟ್ಟಿಲಾದ ಅಲೆಯಲ್ಲಿ ಅದು ಗುಂಯ್‌ಗುಡುತ್ತಾ ತಾನೇ ಕಾಯುತ್ತದೆ.

ಬ್ಯಾಟರಿಗೇ ಕಟ್ಟಿದರೆ ಏನಾಗುತ್ತದೆ? 0.15 ಆಂಪಿಯರಿನ ಫ್ಯಾನು ದಿನಕ್ಕೆ 3.6 ಆಂಪಿಯರ್-ಗಂಟೆ ಕುಡಿಯುತ್ತದೆ. ಯುಪಿಎಸ್ ಆರಿಸಿ ಅಂಗಡಿ ಮುಚ್ಚಿ ಊರಿಗೆ ಹೋದರೆ, ಮೇನ್ ಸ್ವಿಚ್ಚೂ ತೆಗೆದಿದ್ದರೆ, 7 ಆಂಪಿಯರ್-ಗಂಟೆಯ ಬ್ಯಾಟರಿ ಎರಡು ದಿನದೊಳಗೆ ಬರಿದು. ಹಾಗೆ ತಳ ಕಂಡ ಸೀಸ-ಆಮ್ಲ ಬ್ಯಾಟರಿ ಮತ್ತೆ ಮೊದಲಿನಂತಾಗುವುದು ಅಪರೂಪ. ಎರಡು ಬ್ಯಾಟರಿಯ 24 ವೋಲ್ಟಿನ ಯುಪಿಎಸ್‌ನಲ್ಲಿ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಕದ್ದರೆ ಇನ್ನೂ ಕೆಟ್ಟದ್ದು: ಒಂದು ಸದಾ ಬಳಲಿರುತ್ತದೆ, ಇನ್ನೊಂದು ಅತಿಯಾಗಿ ಚಾರ್ಜ್ ಆಗುತ್ತದೆ, ಕೊನೆಗೆ ಎರಡೂ ಹೋಗುತ್ತವೆ. ಎಲ್ಲಕ್ಕಿಂತ ಅಪಾಯದ್ದು ಕಣ್ಣಿಗೆ ಕಾಣುವುದಿಲ್ಲ. ಬಹಳಷ್ಟು ಸಣ್ಣ ಯುಪಿಎಸ್‌ಗಳಲ್ಲಿ ಬ್ಯಾಟರಿಯ ಭಾಗ ಮೇನ್ ವಿದ್ಯುತ್ತಿನಿಂದ ಪೂರ್ತಿ ಬೇರ್ಪಟ್ಟಿರುವುದಿಲ್ಲ. 12 ವೋಲ್ಟೇ ಅಲ್ಲವೇ ಎಂದು ಮುಟ್ಟಿದ ಟರ್ಮಿನಲ್ಲಿಗೂ ನೆಲಕ್ಕೂ ನಡುವೆ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇರಬಹುದು. ಕೈಪಿಡಿಗಳಲ್ಲಿ ಈ ಎಚ್ಚರಿಕೆ ಸಣ್ಣಕ್ಷರದಲ್ಲಿ ಇದ್ದೇ ಇರುತ್ತದೆ, ಓದುವವರು ಕಡಿಮೆ. ಅಂಥ ಟರ್ಮಿನಲ್ಲಿನಿಂದ ಹೊರಗೆಳೆದ ಫ್ಯಾನಿನ ವೈರು ಮಕ್ಕಳ ಕೈಗೆ ಎಟುಕುವ ಜಾಗದಲ್ಲಿ ನೇತಾಡಿದರೆ ಅದರ ಪರಿಣಾಮ ಊಹಿಸಬಹುದು.

ಹೊರಗಿನ ಫ್ಯಾನಿಗೆ ಕಿಂಡಿಯೇ ಇಲ್ಲದ, ಕವಚ ಬಿಚ್ಚಲೇಬೇಕಾದ ಸಂದರ್ಭ ಬಂದರೆ ಅದು ಪಳಗಿದ ಮೆಕ್ಯಾನಿಕ್ಕಿನ ಕೆಲಸ. ಮಾಡಿಸುವವರಿಗೂ ಏನಾಗಬೇಕೆಂಬುದು ಗೊತ್ತಿರಬೇಕು, ಕೇಳಿ ಮಾಡಿಸಬೇಕು. ಪ್ಲಗ್ ಕೀಳುವುದು, ಬ್ಯಾಟರಿಯ ಎರಡೂ ವೈರು ಬಿಡಿಸಿ ತುದಿಗೆ ಟೇಪ್ ಸುತ್ತುವುದು, ಕೆಪಾಸಿಟರ್ ಖಾಲಿಯಾಗಲು ಬಿಟ್ಟು ಮೀಟರಿನಲ್ಲಿ ಅಳೆದು ನೋಡುವುದು, ಇದರಲ್ಲಿ ಯಾವುದನ್ನೂ ಹಾರಿಸುವಂತಿಲ್ಲ. ತೂತು ಕೊರೆಯುವ ಮೊದಲು ಬೋರ್ಡನ್ನು ಪೂರ್ತಿ ಹೊರತೆಗೆಯಬೇಕು. ಕೊರೆದಾಗ ಉದುರುವ ಲೋಹದ ಒಂದು ಚೂರು ಬೋರ್ಡಿನ ಎರಡು ಗೆರೆಗಳ ನಡುವೆ ಕೂತರೆ, ಅದು ಸುಡುವುದು ಅವತ್ತೇ ಇರಬಹುದು, ಮೂರು ತಿಂಗಳ ನಂತರವೂ ಇರಬಹುದು. ಬ್ಯಾಟರಿಯಿಂದಲೇ ಫ್ಯಾನಿಗೆ ಕರೆಂಟು ತೆಗೆಯುವುದಾದರೆ ಧನ ತುದಿಯ ಹತ್ತಿರದಲ್ಲೇ ಒಂದು ಆಂಪಿಯರಿನ ಫ್ಯೂಸು ಇರಲೇಬೇಕು. ಹತ್ತು ರೂಪಾಯಿಯ ಆ ಗಾಜಿನ ಕೊಳವೆ ಇಲ್ಲದಿದ್ದರೆ ಉಜ್ಜಿ ಸವೆದ ಒಂದು ತೆಳು ವೈರು ಕೆಂಪಾಗಿ ಕಾಯ್ದು ಬೆಂಕಿ ಹಚ್ಚುತ್ತದೆ. ಬ್ಯಾಟರಿಯ ವೋಲ್ಟೇಜು 24, 36, 48 ಆಗಿದ್ದರೆ ಅದನ್ನು 12ಕ್ಕೆ ಇಳಿಸುವ ಕನ್ವರ್ಟರ್ ಬೇಕು.

ಶಾಖ ಏರಿದಾಗ ಮಾತ್ರ ಫ್ಯಾನು ತಿರುಗಲೆಂದು 45 ಡಿಗ್ರಿಗೆ ಕೂಡಿಕೊಳ್ಳುವ ಥರ್ಮಲ್ ಸ್ವಿಚ್ಚು ಹಾಕುವುದು ಒಳ್ಳೆಯ ರೂಢಿಯೇ. ಬಳ್ಳಾರಿಯ ಮೇ ತಿಂಗಳಲ್ಲಿ ಕೋಣೆಯೇ 42 ಇರುವಾಗ ಅದು ಹೆಚ್ಚುಕಡಿಮೆ ಇಡೀ ಹಗಲು ಕೂಡಿಕೊಂಡೇ ಇರುತ್ತದೆ, ಆದ್ದರಿಂದ ಇಲ್ಲಿ 50 ಡಿಗ್ರಿಯದು ಮೇಲು. ಆ ಸ್ವಿಚ್ಚನ್ನು ಹೀಟ್‌ಸಿಂಕಿಗೆ ನೇರವಾಗಿ ಅಂಟಿಸಬಾರದು. ಮಾಸ್ಫೆಟ್‌ನ ಲೋಹದ ಬೆನ್ನು ಹೀಟ್‌ಸಿಂಕಿಗೆ ತಾಗಿರುವ ಬೋರ್ಡುಗಳಲ್ಲಿ ಹೀಟ್‌ಸಿಂಕಿನಲ್ಲೇ ವಿದ್ಯುತ್ ಇರುತ್ತದೆ. ನಡುವೆ ಶಾಖ ಬಿಟ್ಟು ವಿದ್ಯುತ್ ತಡೆಯುವ ಪ್ಯಾಡ್ ಬೇಕು. ಲೋಹದ ಕವಚವಾದರೆ ಫ್ಯಾನಿನ ಜಾಲರಿಗೂ ಅರ್ತಿಂಗ್ ತಲುಪಬೇಕು. ಸದಾ ಇನ್ವರ್ಟರಿನ ಮೂಲಕವೇ ಕರೆಂಟು ಕೊಡುವ ‘ಆನ್‌ಲೈನ್’ ಯುಪಿಎಸ್‌ಗಳನ್ನಂತೂ ತೆರೆಯುವ ಯೋಚನೆಯೇ ಬೇಡ, ಒಳಗಿನ ಡಿಸಿ ದಾರಿಯಲ್ಲಿ 300–400 ವೋಲ್ಟ್ ನಿಂತಿರುತ್ತದೆ. ಅವುಗಳಲ್ಲಿ ಫ್ಯಾನು ಇದ್ದೇ ಇದೆ. ಕೆಟ್ಟದ್ದನ್ನು ಬದಲಿಸುವಾಗ ಅದೇ ವೋಲ್ಟೇಜು, ಅದೇ ಅಳತೆ, ಅಷ್ಟೇ ವೈರುಗಳ ಫ್ಯಾನು ಹಾಕಬೇಕು. ಮೂರನೆಯ ವೈರು ಫ್ಯಾನು ತಿರುಗುತ್ತಿದೆಯೆಂದು ಯಂತ್ರಕ್ಕೆ ವರದಿ ಒಪ್ಪಿಸುವುದು. ಎರಡು ವೈರಿನದನ್ನು ಹಾಕಿದರೆ ಫ್ಯಾನು ನಿಂತಿದೆಯೆಂದು ಅದು ಕೂಗುತ್ತಲೇ ಇರುತ್ತದೆ.

ನೀರು ಹಾಕುವ ಟ್ಯೂಬುಲರ್ ಬ್ಯಾಟರಿಯಿರುವ ಮನೆಗಳಲ್ಲಿ ಇನ್ನೊಂದು ಎಚ್ಚರ. ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುತ್ತದೆ. ಗಾಳಿಯಲ್ಲಿ ಅದರ ಪಾಲು ಶೇ 4 ಮುಟ್ಟಿದರೆ ಒಂದು ಕಿಡಿ ಸಾಕು. ಬ್ಯಾಟರಿಯನ್ನೂ ಇನ್ವರ್ಟರನ್ನೂ ಬಿಗಿಯಾದ ಮರದ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕುವುದು ನೋಡಲು ಚೆಂದ, ಮಾಡಲು ತಪ್ಪು. ಅಂಥ ಪೆಟ್ಟಿಗೆಗೆ ಕೆಳಗೂ ಮೇಲೂ ಕಿಂಡಿ ಬೇಕು. ಅಲ್ಲಿ ಕೂರಿಸುವ ಫ್ಯಾನು ಬ್ರಷ್‌ಲೆಸ್ ಆಗಿರಲೇಬೇಕು, ಇಂಗಾಲದ ಬ್ರಷ್ಷಿನ ಮೋಟರು ತಿರುಗುವಾಗಲೇ ಕಿಡಿ ಸಿಡಿಸುತ್ತದೆ.

ಇನ್ನು ಧೂಳು. ಅದಿರಿನ ಲಾರಿಗಳು ಓಡಾಡುವ ಈ ಸೀಮೆಯಲ್ಲಿ ಕೆಂಪು ಧೂಳು, ಕೌಲ್ ಬಜಾರಿನ ಜೀನ್ಸ್ ಘಟಕಗಳಲ್ಲಿ ಹತ್ತಿಯ ನವಿರು, ಸಿರುಗುಪ್ಪದ ಅಕ್ಕಿ ಗಿರಣಿಗಳಲ್ಲಿ ಹೊಟ್ಟಿನ ಪುಡಿ. ಫ್ಯಾನಿಲ್ಲದ ಡಬ್ಬಿಗೆ ಧೂಳು ನಿಧಾನಕ್ಕೆ ಇಳಿಯುತ್ತದೆ. ಫ್ಯಾನು ಬಂದ ಮೇಲೆ ದಿನವಿಡೀ ಎಳೆದುಕೊಳ್ಳುತ್ತದೆ. ಹೀಟ್‌ಸಿಂಕಿನ ಸಂದಿಗಳಲ್ಲಿ ನವಿರು ಹಾಸಿಕೊಂಡರೆ ಅದು ಕಂಬಳಿ ಹೊದ್ದಂತೆ, ಫ್ಯಾನು ತಿರುಗಿದರೂ ಶಾಖ ಹೊರಗೆ ಬರುವುದಿಲ್ಲ. ಗಾಳಿ ಒಳಬರುವ ಕಿಂಡಿಗೆ ತೊಳೆಯಲು ಬರುವ ತೆಳು ಫೋಮ್ ಫಿಲ್ಟರ್ ಹಾಕಿ, ತಿಂಗಳಿಗೊಮ್ಮೆ ತೆಗೆದು ಝಾಡಿಸಬೇಕು. ತೊಳೆದರೆ ಪೂರ್ತಿ ಒಣಗಿಸಿಯೇ ಹಾಕಬೇಕು. ಗಿರಣಿಯೊಳಗಿನ ಯುಪಿಎಸ್ಸಿಗಂತೂ ಫ್ಯಾನಿಗಿಂತ ಬೇರೆ ಕೋಣೆಯೇ ಮೇಲು.

ಫ್ಯಾನು ಕೂರಿಸಿದ ಮೇಲೆ ಪರೀಕ್ಷೆ ಕರೆಂಟಿದ್ದಾಗ ಅಲ್ಲ, ದಿನದ ಲೋಡನ್ನೇ ಹಾಕಿ ಮೇನ್ ಆಫ್ ಮಾಡಿ, ಮಧ್ಯಾಹ್ನದ ಹೊತ್ತಿನಲ್ಲಿ, ಪಕ್ಕದಲ್ಲೇ ನಿಂತು. ಹೊರಬರುವ ಗಾಳಿಯ ಉಷ್ಣಾಂಶವನ್ನು ಸಾದಾ ಡಿಜಿಟಲ್ ಥರ್ಮಾಮೀಟರಿನಲ್ಲಿ ಐದೈದು ನಿಮಿಷಕ್ಕೆ ಬರೆದುಕೊಳ್ಳಬೇಕು. ಕೋಣೆಗಿಂತ ಹತ್ತು ಡಿಗ್ರಿಯ ಒಳಗೆ ಏರಿ ನಿಂತರೆ ಕೆಲಸ ನೆಟ್ಟಗಾಗಿದೆ. ಏರುತ್ತಲೇ ಹೋದರೆ ಲೋಡು ಹೆಚ್ಚು, ಇಲ್ಲವೇ ಗಾಳಿಯ ದಾರಿ ತಪ್ಪಿದೆ. ಆಮೇಲೆ ಫ್ಯಾನಿನ ವೈರು ಬಿಡಿಸಿ ಅದೇ ಪರೀಕ್ಷೆ ಮತ್ತೆ ಮಾಡಬೇಕು. ಇದನ್ನು ಬಿಡುವವರೇ ಹೆಚ್ಚು. ಫ್ಯಾನು ಒಂದಲ್ಲ ಒಂದು ದಿನ ನಿಲ್ಲುತ್ತದೆ. ಆ ದಿನ ಯುಪಿಎಸ್ ತನ್ನ ಮೂಲ ಬ್ಯಾಟರಿಯಷ್ಟು ಹೊತ್ತು ಓಡಿ ತಾನಾಗಿ ಆರುವಂತಿರಬೇಕು. ಫ್ಯಾನು ನಿಂತರೆ ಹೊಗೆ ಬರುತ್ತದೆ ಎನ್ನುವಂತಿದ್ದರೆ ಆ ಜೋಡಣೆಯನ್ನು ಉಳಿಸಿಕೊಳ್ಳಬಾರದು, ಅದೆಷ್ಟೇ ಚೆಂದ ಕೂತಿರಲಿ. ಕೊಳ್ಳುವಾಗ ಬಾಲ್ ಬೇರಿಂಗಿನ ಫ್ಯಾನನ್ನೇ ಕೇಳಬೇಕು. ಅಗ್ಗದ ಸ್ಲೀವ್ ಬೇರಿಂಗಿನ ಎಣ್ಣೆ ಈ ಸೆಕೆಗೆ ಬೇಗ ಆರುತ್ತದೆ. ಕರಕರ ಸದ್ದು ಬರತೊಡಗಿದರೆ ಎಣ್ಣೆ ಬಿಟ್ಟು ನೂಕುವ ಬದಲು ಹೊಸದು ಹಾಕಬೇಕು. ಶಿವರಾತ್ರಿ ಕಳೆದು ಯುಗಾದಿ ಬರುವುದರೊಳಗೆ ಒಂದು ಭಾನುವಾರ ಫಿಲ್ಟರು, ಬ್ಯಾಟರಿ ಟರ್ಮಿನಲ್ಲು, ಫ್ಯಾನಿನ ತಿರುಗಾಟ, ಟ್ಯೂಬುಲರ್ ಬ್ಯಾಟರಿಯಾದರೆ ಡಿಸ್ಟಿಲ್ಡ್ ನೀರಿನ ಮಟ್ಟ ಇಷ್ಟನ್ನು ನೋಡಿಟ್ಟರೆ ಏಪ್ರಿಲ್ ಹೊತ್ತಿಗೆ ಅಂಗಡಿಯ ಯುಪಿಎಸ್ ತಯಾರಾಗಿರುತ್ತದೆ.